ಮೂರನೇ ಮ್ಯಾಚ್

"ಬೆಳಿಗ್ಗೆಯ ಮ್ಯಾಚಿಗೆ ನೀವು ಬೇಡ ಅಂಕಲ್."

ಡ್ಯಾರಲ್ ಹೀಗೆಂದಾಗ ಜುವಾಕಿಂ ಅವನ ಮನೆಯ ಸೋಫಾದ ತುದಿಯಲ್ಲಿ ಕುಳಿತು ಎಡಗಾಲಿನ ಶೂಗೆ ಲೇಸು ಬಿಗಿಯುತ್ತಿದ್ದ. ತಲೆ ಎತ್ತದೆಯೇ ಗಂಟು ಹಾಕಿ ಮುಗಿಸಿದ. ಕೇಳಿಸದವನ ಹಾಗೆ ಇದ್ದುಬಿಟ್ಟರೆ ಹೇಳಿದವರು ಮಾತನ್ನು ಹಿಂದಕ್ಕೆ ತೆಗೆದುಕೊಂಡಾರು ಎಂಬುದು ಅವನ ಹಳೆಯ ನಂಬಿಕೆ. ಗಲ್ಫಿನ ಹತ್ತೊಂಬತ್ತು ವರ್ಷಗಳಲ್ಲಿ ಅದು ಒಮ್ಮೆಯೂ ನಿಜವಾಗಿರಲಿಲ್ಲ.

"ಬೇಡ ಅಂದ್ರೆ ಎಂತ?" ಎಂದು ಕೊನೆಗೆ ಕೇಳಿದ.

"ಬೇಡ ಅಂದ್ರೆ ರೆಸ್ಟ್. ನೀವು ಬಂದದ್ದೇ ರಾತ್ರಿ ಒಂದು ಗಂಟೆಗೆ. ಮಲಗುವಾಗ ಎರಡು. ಈಗ ಆರೂವರೆ. ಕನ್ನಡಿಯಲ್ಲಿ ಕಣ್ಣು ನೋಡಿಕೊಳ್ಳಿ ಒಮ್ಮೆ." ಡ್ಯಾರಲ್ ಮೊಬೈಲನ್ನು ಮುಂದೆ ಹಿಡಿದ. ಕಡಲ್ ಫ್ರೆಂಡ್ಸ್ ತಂಡದ ಈ ಕ್ಯಾಪ್ಟನ್ ಸರಕು ಸಾಗಣೆಯ ಆಫೀಸಿನಲ್ಲಿ ಕೆಲಸ ಮಾಡುವವನು. ಎಲ್ಲವನ್ನೂ ಎಕ್ಸೆಲ್‌ನ ಚೌಕಗಳಲ್ಲಿ ಕೂರಿಸದಿದ್ದರೆ ಅವನಿಗೆ ಉಂಡದ್ದು ಜೀರ್ಣವಾಗುವುದಿಲ್ಲ. "ಎರಡು ವರ್ಷದ್ದು ಬರೆದಿಟ್ಟಿದ್ದೇನೆ. ಚೆನ್ನಾಗಿ ಮಲಗಿ ಎದ್ದು ಆಡಿದ ದಿನ ನೀವು ಓವರಿಗೆ ಐದು ರನ್ ಕೊಟ್ಟದ್ದು. ಬಸ್ಸಿನಿಂದ ಇಳಿದು ಸೀದಾ ಆಡಿದ ದಿನ ಹನ್ನೊಂದು. ಹೋದ ವರ್ಷದ ಫೈನಲ್ ನೆನಪುಂಟಲ್ಲ? ಬೆಳಿಗ್ಗೆಯೂ ಹಾಕಿದ್ರಿ, ಸಂಜೆಯೂ ಹಾಕಿದ್ರಿ. ಕೊನೆಯ ಓವರಿಗೆ ಇಪ್ಪತ್ತೆರಡು!"

ನೆನಪಿಲ್ಲದೆ ಏನು? ಅದನ್ನು ನೆನಪಿಸಲು ಎಕ್ಸೆಲ್ ಬೇಕಿರಲಿಲ್ಲ.

ಇದು ಅಂಡರ್‌ಆರ್ಮ್ ಕ್ರಿಕೆಟ್. ಊರಿನ ಗದ್ದೆಯಲ್ಲಿ, ಇಗರ್ಜಿಯ ಅಂಗಳದಲ್ಲಿ, ಶಾಲೆಯ ಮೈದಾನದಲ್ಲಿ ಕೈ ಸೊಂಟಕ್ಕಿಂತ ಮೇಲೆ ಏರದಂತೆ ಚೆಂಡು ಎಸೆದು ಆಡುವ ಆಟ. ಮಂಗಳೂರು, ಉಡುಪಿಯ ಕಡೆಯವರು ಉಪ್ಪಿನಕಾಯಿ ಭರಣಿಯ ಜತೆ ಅದನ್ನೂ ಕಟ್ಟಿಕೊಂಡು ಮರಳುಗಾಡಿಗೆ ಬಂದಿದ್ದರು. ಹೊರಗಿನವರಿಗೆ ಅದು ಮಕ್ಕಳಾಟ. ಆಡುವವರಿಗೆ ಮಾತ್ರ ಗೊತ್ತು, ಅಷ್ಟು ಕೆಳಗಿನಿಂದ ಅಷ್ಟು ವೇಗ ಹುಟ್ಟಿಸಲು ತೋಳಿನಲ್ಲಿ ಎಷ್ಟು ಜೀವ ಬೇಕೆಂದು. ಈ ಸಲದ ಫೈನಲ್ ಮೂರು ಮ್ಯಾಚುಗಳದ್ದು. ಹೋದ ಶುಕ್ರವಾರ ಅಬುಧಾಬಿಯಲ್ಲಿ, ಅಲ್ಲಿಯವರೇ ಆದ ಮುಸಫ್ಫಾ ಬ್ರದರ್ಸ್ ವಿರುದ್ಧ ಮೊದಲನೆಯದನ್ನು ಕಡಲ್ ಫ್ರೆಂಡ್ಸ್ ಗೆದ್ದಿತ್ತು. ನಾಲ್ಕು ವಿಕೆಟ್ ಜುವಾಕಿಮನದ್ದೇ. ಇವತ್ತು ದುಬೈಯಲ್ಲಿ ಬೆಳಿಗ್ಗೆ ಎಂಟಕ್ಕೆ ಎರಡನೆಯದು, ಬೇಕಾದರೆ ಸಂಜೆ ನಾಲ್ಕಕ್ಕೆ ಮೂರನೆಯದು.

"ಬೆಳಿಗ್ಗೆಯೇ ಗೆದ್ರೆ?"

"ಗೆದ್ರೆ ಖಲಾಸ್! ಕಪ್ ನಮ್ಮದು. ಸಂಜೆ ಆಡ್ಲಿಕ್ಕೇ ಇಲ್ಲ," ಎಂದು ಡ್ಯಾರಲ್ ನಕ್ಕ. "ಅವರೂ ಐದು ಗಂಟೆಗೆ ವ್ಯಾನ್ ಹತ್ತಿದವರು. ಸೊಂಟ ಹಿಡಿದುಕೊಂಡೇ ಇಳಿಯುವುದು. ಬೆಳಿಗ್ಗೆಗೆ ಶರ್ವಿನ್ ಸಾಕು. ಒಂದು ವೇಳೆ ಸೋತೆವು ಅಂತ ಇಟ್ಟುಕೊಳ್ಳಿ, ಅವರಿಗೆ ಆಗ ಎರಡು ಸಲದ ಸುಸ್ತು, ನಮಗೆ ಫ್ರೆಶ್ ಜುವಾಕಿಂ ಅಂಕಲ್. ಹೇಗೆ?"

ಲೆಕ್ಕ ಸರಿಯಾಗಿತ್ತು. ಕಷ್ಟ ಇದ್ದದ್ದೇ ಅಲ್ಲಿ. ಡ್ಯಾರಲ್‌ನ ಚೌಕಗಳಲ್ಲಿ ಇಲ್ಲದ ಒಂದು ಸಂಗತಿ ಜುವಾಕಿಮನ ಚೀಲದಲ್ಲಿ, ಮಡಚಿದ ಟವೆಲಿನ ಅಡಿಯಲ್ಲಿತ್ತು. ಅಬುಧಾಬಿಯಿಂದಲೂ ಆಚೆ, ಮರಳುಗಾಡಿನ ನಡುವಿನ ಮದೀನತ್ ಜಾಯೆದ್‌ನಲ್ಲಿ ಅವನು ಸ್ಟೋರ್ ಕೀಪರ್ ಆಗಿದ್ದ ಕಂಪನಿ, ತೈಲದ ಬೆಲೆ ಕುಸಿದ ಮೇಲೆ ಒಬ್ಬೊಬ್ಬರನ್ನೇ ಮನೆಗೆ ಕಳಿಸುತ್ತಿತ್ತು. ಈಗ ಅವನ ಸರದಿ. ಬುಧವಾರಕ್ಕೆ ವೀಸಾ ಕ್ಯಾನ್ಸಲ್, ಗುರುವಾರ ಮಂಗಳೂರಿಗೆ ವಿಮಾನ. ಟಿಕೆಟಿನ ಕಾಗದವನ್ನು ಮೂರು ದಿನದಿಂದ ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದ. ಇಂದಿನದು ಅವನ ಕೊನೆಯ ಶುಕ್ರವಾರ.

ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಡ್ಯಾರಲ್ ಕಣ್ಣು ತುಂಬಿಕೊಂಡು ಆಡಿಸುತ್ತಿದ್ದ, ಅದು ಗೊತ್ತು. ಶಾಲು ಹೊದಿಸಿ, ಹಾರ ಹಾಕಿ, ಒಂದು ಓವರ್ ಕೊಟ್ಟು ಚಪ್ಪಾಳೆ ತಟ್ಟುತ್ತಿದ್ದರು. ಜುವಾಕಿಮನಿಗೆ ಬೇಕಿದ್ದದ್ದು ಆ ಚಪ್ಪಾಳೆ ಅಲ್ಲ. ವಾರದ ಆರು ದಿನ ಅವನು ಕಬ್ಬಿಣದ ಕಪಾಟುಗಳ ನಡುವೆ ಬೋಲ್ಟು, ನಟ್ಟು, ಗ್ಯಾಸ್ಕೆಟ್ ಎಣಿಸಿ ಕೊಡುವವನು. ಅಲ್ಲಿ ಅವನ ಹೆಸರು 'ಸ್ಟೋರ್'. "ಸ್ಟೋರ್, ಯಲ್ಲಾ, ಬೇಗ!" ಎನ್ನುತ್ತಿದ್ದರು. ಶುಕ್ರವಾರ ಮಾತ್ರ ಹತ್ತು ಜನ ಅವನಿಗಾಗಿ ಕಾಯುತ್ತಿದ್ದರು, ಅದೂ ಪಂದ್ಯ ಗೆಲ್ಲಲು ಬೇಕಾದವನೆಂದು. ಬೇಕಾದವನಾಗಿಯೇ ಒಂದು ಸಲ ಆಡಿ ಹೊರಡಬೇಕು. ಇಷ್ಟೇ ಅವನ ಆಸೆ. ಊರಿನಲ್ಲಿ ನಲವತ್ತೆಂಟರ ಮುದುಕನನ್ನು ಯಾವ ತಂಡ ಸೇರಿಸಿಕೊಳ್ಳುತ್ತದೆ?

"ಆಯ್ತು," ಎಂದ. ಈಗಷ್ಟೇ ಕಟ್ಟಿದ ಲೇಸನ್ನು ಬಿಚ್ಚಿದ.

ಡ್ಯಾರಲ್‌ನ ಹೆಂಡತಿ ಸ್ಟೇಸಿ ಒಳಕೋಣೆಯ ಎಸಿ ಹಾಕಿ, ಕರ್ಟನ್ ಎಳೆದಳು. "ಫೋನ್ ಸೈಲೆಂಟಿಗೆ ಹಾಕಿ ಮಲಗಿ ಅಂಕಲ್. ನಾನು ಯಾರಿಗೂ ಬಾಗಿಲು ಬಡೀಲಿಕ್ಕೆ ಬಿಡುವುದಿಲ್ಲ," ಎಂದು ಬಾಗಿಲು ಮುಂದೆ ಮಾಡಿದಳು. ಇಂಥ ಪ್ರೀತಿಗೆ ಬೈಯುವುದಾದರೂ ಹೇಗೆ?

ಅವನಿಗೆ ನಿದ್ದೆ ಹತ್ತಿರ ಸುಳಿಯಲಿಲ್ಲ. ಎಂಟೂ ಹತ್ತಕ್ಕೆ ಫೋನು ಮೌನವಾಗಿ ಬೆಳಗಿತು. ತಂಡದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಸ್ಕೋರು ಹಾಕುತ್ತಿದ್ದರು. ನಮ್ಮದು ಬ್ಯಾಟಿಂಗ್. ಎರಡು ಓವರಿಗೆ ಎಂಟು ರನ್, ಎರಡು ವಿಕೆಟ್. ಜುವಾಕಿಮನಿಗೆ ಮೈ ಹಗುರಾಯಿತು. ಹಗುರಾದದ್ದು ಯಾಕೆಂದು ಹೊಳೆದಾಗ ಎದ್ದು ಕುಳಿತ.

ಅವನು ತನ್ನ ತಂಡ ಸೋಲಲಿ ಎಂದು ಬೇಡುತ್ತಿದ್ದ.

ದೇವರೇ, ಇದೊಂದು ಸಲ, ಎಂದುಕೊಂಡ. ಮತ್ತೆ ಅಂದುಕೊಂಡ, ಛೆ, ಇದನ್ನು ಪಾದ್ರಿಯ ಮುಂದೆ ಪಾಪವೆಂದು ಹೇಗೆ ನಿವೇದಿಸುವುದು? ಕಳ್ಳತನ ಮಾಡಿದೆ, ಸುಳ್ಳು ಹೇಳಿದೆ ಎಂದರೆ ಅವರಿಗೆ ಅರ್ಥವಾಗುತ್ತದೆ. ಅಂಡರ್‌ಆರ್ಮ್ ಫೈನಲಿನಲ್ಲಿ ನಮ್ಮವರು ಸೋಲಲೆಂದು ಪ್ರಾರ್ಥಿಸಿದೆ ಎಂದರೆ ಯಾವ ಪ್ರಾಯಶ್ಚಿತ್ತ ಕೊಟ್ಟಾರು? ಅಷ್ಟರಲ್ಲಿ ಫೋನು ಮತ್ತೆ ಬೆಳಗಿತು. ಡ್ಯಾರಲ್ ಎರಡು ಸಿಕ್ಸರ್ ಹೊಡೆದಿದ್ದ. ಪಾಳಿಯ ಎಂಟೂ ಓವರು ಮುಗಿಯುವಾಗ ಎಪ್ಪತ್ತೊಂದಾಯಿತು. ಒಳ್ಳೆಯ ಮೊತ್ತ, ಆದರೆ ಗೆದ್ದೇ ಬಿಟ್ಟೆವು ಎನ್ನುವಂಥದ್ದಲ್ಲ. ಜುವಾಕಿಂ ಶೂ ಕೈಯಲ್ಲಿ ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಹೊರಗೆ ಬಂದ. ಸ್ಟೇಸಿ ಅಡುಗೆಮನೆಯಲ್ಲಿದ್ದಳು. ಟ್ಯಾಕ್ಸಿ ಸಿಗಲು ಅರ್ಧ ಗಂಟೆ ಹಿಡಿಯಿತು, ಡ್ಯಾರಲ್‌ನ ಮನೆಯಿದ್ದ ಕುಸೈಸ್‌ನಿಂದ ಮೈದಾನವಿದ್ದ ಮುಹೈಸ್ನಾಕ್ಕೆ ಮತ್ತೆ ಹತ್ತು ನಿಮಿಷ.

ಲೇಬರ್ ಕ್ಯಾಂಪುಗಳ ಹಿಂದಿನ ಮರಳಿನ ಬಯಲು ಅದು. ನಡುವೆ ಸಿಮೆಂಟಿನ ಪಿಚ್, ಸುತ್ತ ಹಗ್ಗ, ಒಂದು ಬದಿಗೆ ಶಾಮಿಯಾನ. ಬಾಲ್ಕನಿಗಳಲ್ಲಿ ಒಣಗಲು ಹಾಕಿದ ನೀಲಿ ಸಮವಸ್ತ್ರಗಳ ನಡುವಿನಿಂದ ಕೆಲಸಗಾರರು ಆಟ ನೋಡುತ್ತಿದ್ದರು. ಜುವಾಕಿಂ ಹಗ್ಗದ ಪಕ್ಕಕ್ಕೆ ಬಂದು ನಿಲ್ಲುವಾಗ ಕೊನೆಯ ಓವರ್ ಶುರುವಾಗುವುದರಲ್ಲಿತ್ತು. ಬ್ರದರ್ಸ್‌ಗೆ ಹದಿನಾಲ್ಕು ರನ್ ಬೇಕು. ಉಳಿದದ್ದು ಕೊನೆಯ ಜೋಡಿ. ಚೆಂಡು ಶರ್ವಿನ್‌ನ ಕೈಯಲ್ಲಿತ್ತು, ಬ್ಯಾಟು ಶಾಹುಲ್ ಹಮೀದನ ಕೈಯಲ್ಲಿ.

ಮುಸಫ್ಫಾದಲ್ಲಿ ಟೈರಿನ ಅಂಗಡಿ ಇಟ್ಟಿದ್ದ ಉಳ್ಳಾಲದ ಶಾಹುಲ್ ಹಮೀದ್ ಜುವಾಕಿಮನಿಗೆ ಹದಿನೈದು ವರ್ಷದ ಎದುರಾಳಿ. ಹೊಟ್ಟೆ ಬಂದಿತ್ತು, ಗಡ್ಡ ನೆರೆತಿತ್ತು, ಓಡಲು ಆಗುತ್ತಿರಲಿಲ್ಲ. ಹಾಗಾಗಿ ಓಡುವ ಗೊಡವೆಗೇ ಹೋಗದೆ ಎಲ್ಲವನ್ನೂ ಹಗ್ಗದಾಚೆ ಹೊಡೆಯುತ್ತಿದ್ದ. ಅವನಿಗೆ ಒಂದೇ ಒಂದು ಚೆಂಡು ಆಗಿ ಬರುತ್ತಿರಲಿಲ್ಲ. ಅಂಗೈ ಮೇಲೆ ಮಾಡಿ, ಬೆರಳುಗಳಿಂದ ಹಿಂದಕ್ಕೆ ತಿರುಗಿಸಿ ಬಿಟ್ಟರೆ, ನೆಲಕ್ಕೆ ಬಿದ್ದು ಅರೆಗಳಿಗೆ ತಡೆದು ಆಮೇಲೆ ಮುಂದಕ್ಕೆ ಬರುವ ಚೆಂಡು. ಆತುರದ ಶಾಹುಲ್ ಹಮೀದ್ ಅಷ್ಟರಲ್ಲಿ ಬ್ಯಾಟು ಬೀಸಿ ಮುಗಿಸಿರುತ್ತಿದ್ದ. ಇದು ಲೋಕದಲ್ಲಿ ಗೊತ್ತಿದ್ದದ್ದು ಇಬ್ಬರಿಗೆ, ಜುವಾಕಿಮನಿಗೆ ಮತ್ತು ಸ್ವತಃ ಶಾಹುಲ್ ಹಮೀದನಿಗೆ.

ಮೊದಲ ಮೂರು ಎಸೆತಕ್ಕೆ ಆರು ರನ್ ಬಂತು. ಮೂರರಲ್ಲಿ ಎಂಟು ಬೇಕು. ಶರ್ವಿನ್ ಬೆವರು ಒರೆಸುತ್ತ ತಿರುಗಿದವನು ಹಗ್ಗದ ಬಳಿ ನಿಂತ ಜುವಾಕಿಮನನ್ನು ಕಂಡ. ಕಂಡದ್ದೇ ತಡ, ಓಡಿ ಬಂದ.

"ಅಂಕಲ್, ನೀವು ಮಲಗಿಲ್ವಾ? ಇವನಿಗೆ ಎಂತ ಹಾಕುವುದು? ಬೇಗ ಹೇಳಿ!"

ಇಪ್ಪತ್ತನಾಲ್ಕರ ಹುಡುಗನ ಮುಖದ ಮೇಲೆ ಮರಳು ಮೆತ್ತಿತ್ತು. ಆ ಮುಖವನ್ನು ನೋಡುತ್ತ ಜುವಾಕಿಮನ ನಾಲಿಗೆಯ ತುದಿಗೆ ಉತ್ತರ ಬಂತು, ಅಲ್ಲೇ ನಿಂತಿತು. ಬಿಸಿ ತುಪ್ಪದ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ.

"ನೀನು ಚೆನ್ನಾಗೇ ಹಾಕ್ತಾ ಇದ್ದೀಯಲ್ಲ ಮಾರಾಯ. ಒಳ್ಳೆ ಜಾಗ ನೋಡಿ ಹಾಕು," ಎಂದ. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಶರ್ವಿನ್ ಅದನ್ನೇ ದೊಡ್ಡ ಉಪದೇಶವೆಂದು ತಲೆಯಾಡಿಸಿ ಓಡಿದ.

ನಾಲ್ಕನೆಯ ಎಸೆತ ವೇಗವಾಗಿ ಬಂತು. ಶಾಹುಲ್ ಹಮೀದ್ ಅದನ್ನು ಶಾಮಿಯಾನದ ಮೇಲಿನಿಂದ ರಸ್ತೆಗೆ ಕಳಿಸಿದ. ಸಿಕ್ಸರ್. ಇನ್ನು ಎರಡು ಚೆಂಡಿಗೆ ಎರಡೇ ರನ್. ಮುಸಫ್ಫಾದವರು ಹಗ್ಗದ ಉದ್ದಕ್ಕೂ ಕುಣಿದರು. ಚೆಂಡು ಹುಡುಕಿ ತರುವವರೆಗೆ ಆಟ ನಿಂತಿತು.

ಸಂಜೆಯ ಮ್ಯಾಚು ಈಗ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ನಾಲ್ಕು ಗಂಟೆ, ಇಳಿಬಿಸಿಲು, ಅವನ ಕೈಯಲ್ಲಿ ಹೊಸ ಚೆಂಡು. ಜುವಾಕಿಮನಿಗೆ ಎಲ್ಲ ಕಾಣಿಸುತ್ತಿತ್ತು. ಆದರೆ ಪಿಚ್ಚಿನ ತುದಿಯಲ್ಲಿ ಒಂಟಿಯಾಗಿ ನಿಂತ ಶರ್ವಿನ್‌ನೂ ಕಾಣಿಸುತ್ತಿದ್ದ. ಅವನ ಹತ್ತಿರ ಯಾರೂ ಹೋಗಲಿಲ್ಲ. ಡ್ಯಾರಲ್ ಕೂಡ ಮುಖ ತಿರುಗಿಸಿ ನಿಂತಿದ್ದ. ಹೋದ ವರ್ಷ, ಇಪ್ಪತ್ತೆರಡು ರನ್ ಕೊಟ್ಟ ಸಂಜೆ, ತಾನೂ ಹೀಗೆಯೇ ನಿಂತದ್ದು. ಆಮೇಲೆ ಬಸ್ಸಿನಲ್ಲಿ ಅಬುಧಾಬಿಯವರೆಗೂ ಯಾರ ಫೋನೂ ಬರದೆ ಹೋದದ್ದು. ತನಗಾದರೆ ಆಗಲೇ ನಲವತ್ತೇಳು. ಈ ಹುಡುಗ ಇನ್ನೆಷ್ಟು ಶುಕ್ರವಾರ ಇದನ್ನು ಹೊತ್ತುಕೊಂಡು ತಿರುಗಬೇಕು?

ಚೆಂಡು ವಾಪಸ್ ಬಂತು. ಶರ್ವಿನ್ ಮತ್ತೊಮ್ಮೆ ಹಗ್ಗದ ಕಡೆ ನೋಡಿದ. ಈ ಸಲ ಕೇಳಲಿಲ್ಲ, ಸುಮ್ಮನೆ ನೋಡಿದ.

ಜುವಾಕಿಂ ಬಲಗೈಯನ್ನು ಸೊಂಟದ ಬಳಿ ಹಿಡಿದು ಅಂಗೈ ಮೇಲೆ ಮಾಡಿದ. ಬೆರಳುಗಳನ್ನು ನಿಧಾನಕ್ಕೆ ಹಿಂದಕ್ಕೆ ಮಡಚಿ ತೋರಿಸಿದ. ಎರಡು ಸಲ.

ಶರ್ವಿನ್ ಬಿಟ್ಟ ಚೆಂಡು ಪೂರ್ತಿ ಸರಿ ಇರಲಿಲ್ಲ. ಸ್ವಲ್ಪ ಮುಂದೆಯೇ ಬಿತ್ತು. ಆದರೂ ಅರೆಗಳಿಗೆ ತಡೆಯಿತು. ಅಷ್ಟು ಸಾಕಾಯಿತು. ಶಾಹುಲ್ ಹಮೀದನ ಬ್ಯಾಟು ಗಾಳಿಯಲ್ಲಿ ಸುತ್ತಿ ಹೆಗಲಿಗೆ ಬಂದ ಮೇಲೆ, ಚೆಂಡು ನಡೆದುಕೊಂಡು ಬಂದ ಹಾಗೆ ಬಂದು ಮಧ್ಯದ ಸ್ಟಂಪಿಗೆ ತಾಗಿತು. ಬೇಲ್ಸ್ ಬಿದ್ದವು.

ಹಗ್ಗದ ಹೊರಗಿದ್ದವರೆಲ್ಲ ಒಳಗೆ ನುಗ್ಗಿದರು. ಯಾರದೋ ಭುಜ ತಾಗಿ ಜುವಾಕಿಂ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಶರ್ವಿನ್‌ನನ್ನು ಹೆಗಲ ಮೇಲೆ ಎತ್ತಿ ಕುಣಿಸುತ್ತಿದ್ದರು. ಡ್ಯಾರಲ್ ಬಂದು ಜುವಾಕಿಮನನ್ನು ತಬ್ಬಿಕೊಂಡ.

"ನೋಡಿದ್ರಾ ಅಂಕಲ್, ನಿಮ್ಮನ್ನು ಇಳಿಸದೇ ಗೆದ್ದೆವು! ಇನ್ನು ಆರಾಮಲ್ಲಿ ನಿದ್ದೆ ಮಾಡಿ. ಮಧ್ಯಾಹ್ನ ಎಲ್ಲರಿಗೂ ಬಿರಿಯಾನಿ ಉಂಟು."

"ಇಲ್ಲ ಮಗಾ, ನನಗೆ ನಾಳೆ ಬೇಗ ಡ್ಯೂಟಿ. ಹನ್ನೆರಡರ ಬಸ್ಸಿಗೇ ಹೋಗುವ ಅಂತ," ಎಂದ ಜುವಾಕಿಂ. ಈಗಲಾದರೂ ಹೇಳಬಹುದಿತ್ತು. ಆದರೆ ಗೆದ್ದವರ ನಡುವೆ ಆ ಕಾಗದ ತೆಗೆದು ತೋರಿಸುವುದು ಮದುವೆಮನೆಯಲ್ಲಿ ಮೈ ಸರಿಯಿಲ್ಲ ಎಂದು ಹೇಳಿದ ಹಾಗೆ. ಡ್ಯಾರಲ್ ಅಷ್ಟರಲ್ಲಿ ಫೋಟೋಕ್ಕೆ ಓಡಿದ.

ಶಾಹುಲ್ ಹಮೀದ್ ಬ್ಯಾಟನ್ನು ಕಂಕುಳಲ್ಲಿಟ್ಟುಕೊಂಡು, ಗ್ಲೌಸ್ ಕಳಚುತ್ತ ಹಗ್ಗದ ಬಳಿಗೆ ಬಂದ. ಇಬ್ಬರೂ ಕುಣಿಯುವವರನ್ನು ನೋಡುತ್ತ ನಿಂತರು.

"ಅದು ನಿನ್ನ ಬಾಲ್," ಎಂದ ಆಮೇಲೆ. "ಹುಡುಗನಿಗೆ ನಿನ್ನೆವರೆಗೆ ಅದು ಗೊತ್ತಿರ್ಲಿಲ್ಲ. ನೀನು ಕೈ ಮಾಡಿದ್ದು ನಾನು ನೋಡಿದೆ ಮಾರಾಯ."

"ನೋಡಿಯೂ ಬೀಸಿದ್ಯಾ?"

"ನೋಡಿದ್ದಕ್ಕೇ ಬೀಸಿದ್ದು. ಸಿಟ್ಟು ಬಂತು. ಸಂಜೆ ನಿನ್ನ ಬಾಲಿಗೇ ಆಡುವ ಅಂತ ನಾನು ಕಾಯ್ತಾ ಇದ್ರೆ, ನೀನು ನಿಂತಲ್ಲೇ ಖಲಾಸ್ ಮಾಡಿದೆ." ಅವನು ನಕ್ಕ, ನಗುವಿನಲ್ಲಿ ನಿಜವಾದ ಬೇಸರವಿತ್ತು. "ಈ ಮಕ್ಕಳಿಗೆ ಹೊಡೆದು ಎಂತ ಸುಖ ಉಂಟು ಹೇಳು. ಹೋಗಲಿ, ಬರುವ ವರ್ಷ ನೋಡುವ. ಇರ್ತೀಯಲ್ಲ?"

ಇಡೀ ದುಬೈಯಲ್ಲಿ ಆ ಸಂಜೆಯ ಮ್ಯಾಚನ್ನು ಬಯಸಿದವನು ತಾನೊಬ್ಬನೇ ಅಲ್ಲ ಎಂದು ಜುವಾಕಿಮನಿಗೆ ಆಗ ತಿಳಿಯಿತು.

"ಇರ್ದೆ ಎಲ್ಲಿಗೆ ಹೋಗ್ಲಿಕ್ಕೆ ಉಂಟು," ಎಂದ. "ಬರುವ ವರ್ಷ."

ಶಾಹುಲ್ ಹಮೀದ್ ಕೈ ಚಾಚಿದ. ಅದನ್ನು ಬಿಡಲು ಜುವಾಕಿಂ ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡ. ಶಾಹುಲ್ ಹಮೀದ್ ಅವನ ಮುಖ ನೋಡಿ ಏನೋ ಕೇಳಹೊರಟ, ಅಷ್ಟರಲ್ಲಿ ವ್ಯಾನಿನವರು ಹಾರ್ನ್ ಮಾಡಿ ಕರೆದರು.

ಅಬುಧಾಬಿಯಲ್ಲಿ ಬಸ್ಸು ಬದಲಿಸಿದ ಜುವಾಕಿಮನಿಗೆ ಕಿಟಕಿಯ ಬದಿಯ ಸೀಟು ಸಿಕ್ಕಿತು. ಊರು ಮುಗಿದು ಎರಡೂ ಕಡೆ ಮರಳು ಶುರುವಾಗುವಾಗ ನಾಲ್ಕು ಗಂಟೆ. ಇಷ್ಟು ವರ್ಷ ಆಡಿ ಹಿಂದಿರುಗುವಾಗಲೆಲ್ಲ ಇದೇ ರಸ್ತೆಯಲ್ಲಿ ಅವನ ಬಲಭುಜ ನೋಯಲು ತೊಡಗುತ್ತಿತ್ತು. ಮಂಗಳವಾರದವರೆಗೂ ಆ ನೋವು ಇರುತ್ತಿತ್ತು. ಮೇಲಿನ ಕಪಾಟಿನಿಂದ ಡಬ್ಬ ಇಳಿಸುವಾಗ, ಕ್ಯಾಂಪಿನ ಮಂಚದಲ್ಲಿ ಮಗ್ಗುಲು ಬದಲಿಸುವಾಗ, ಕೋಣೆಯಲ್ಲಿ ಇನ್ನೊಬ್ಬರು ಇದ್ದ ಹಾಗೆ ಅದು ಜತೆಗಿರುತ್ತಿತ್ತು.

ಅವನು ತೋಳನ್ನು ಮೆಲ್ಲಗೆ ಮೇಲಕ್ಕೆತ್ತಿದ. ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ತಿರುಗಿಸಿದ. ಪಕ್ಕದ ಸೀಟಿನ ಪಠಾಣ ಏನಾಯಿತೆಂಬಂತೆ ನೋಡಿದ.

ಎಲ್ಲಿಯೂ ನೋಯಲಿಲ್ಲ.