ಚೌಡವ್ವ ಓದಿಸಿದ ಸೊಸೆ

"ನೀವು ಹುಡುಗಿಗೆ ಏನಾಗಬೇಕ್ರಿ?" ಅವಲಕ್ಕಿಯ ತಾಟನ್ನು ಕೈಗೆತ್ತಿಕೊಳ್ಳುತ್ತ ಪುಷ್ಪಾವತಿ ಕೇಳಿದಳು.

ಚೌಡವ್ವ ಕೇಳಿದವಳ ಮುಖ ನೋಡಿದಳು. ತನ್ನ ಅಕ್ಕನ ಮಗ ಕಲ್ಲೇಶನಿಗಾಗಿ ಹೆಣ್ಣು ಕೇಳಲು ಬ್ಯಾಡಗಿಯಿಂದ ಅಗಡಿಗೆ ಬಂದಿದ್ದ ಈ ಹೆಂಗಸಿಗೆ, ಹುಡುಗಿಯ ಗಂಡ ತೀರಿಹೋದದ್ದು ಗೊತ್ತಿತ್ತು. ಆದರೆ ತಾನು ಕುಳಿತಿರುವುದು ಹುಡುಗಿಯ ತವರುಮನೆಯಲ್ಲೆಂದೇ ಅವಳು ತಿಳಿದಂತಿತ್ತು. ಅದನ್ನು ಬಿಡಿಸಿ ಹೇಳಿರದ ಕಲ್ಲೇಶ ತಲೆತಗ್ಗಿಸಿ ಕುಳಿತಿದ್ದ. ಮೋಟೆಬೆನ್ನೂರಿನ ಹೈಸ್ಕೂಲಿನಲ್ಲಿ ಅವನು ಗಣಿತ ಕಲಿಸುತ್ತಿದ್ದ, ಹುಡುಗಿ ನಿರ್ಮಲಾ ಅಲ್ಲೇ ಸಮಾಜ ವಿಜ್ಞಾನ. ಚೌಡವ್ವನ ಗಂಡ ಮೈಲಾರಪ್ಪ ಕಂಬಕ್ಕೊರಗಿ ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

ಹಿರಿಮಗ ಪ್ರೇಮಕುಮಾರ ಮೆಣಸಿನಕಾಯಿ ಚೀಲ ಹೇರಿಕೊಂಡು ಹೊರಟ ಗಾಡಿ ಹೆದ್ದಾರಿಯಲ್ಲಿ ಮಗುಚಿ ಅವನು ತೀರಿಕೊಂಡಾಗ, ಅವನನ್ನು ಮದುವೆಯಾಗಿ ಬಂದ ನಿರ್ಮಲಾ ಈ ಮನೆಯಲ್ಲಿ ಎರಡನೆಯ ಯುಗಾದಿಯನ್ನೂ ಕಂಡಿರಲಿಲ್ಲ. ದಿವಸದ ಊಟ ಮುಗಿದ ಮೇಲೆ ದೇವರಗುಡ್ಡದಿಂದ ಅವಳ ಅಣ್ಣ ಬಂದ. ರಾಣೆಬೆನ್ನೂರಿನ ಕಡೆ ಬೀಜದ ಹೊಲಗಳಲ್ಲಿ ಹೆಣ್ಣುಮಕ್ಕಳಿಗೆ ಕೂಲಿ ಸಿಗುತ್ತದೆ, ಕರೆದುಕೊಂಡು ಹೋಗುತ್ತೇನೆ ಎಂದ. ನಿರ್ಮಲಾ ಟ್ರಂಕು ತುಂಬತೊಡಗಿದಳು. ಅದರ ತಳದಲ್ಲಿ ಪಿಯುಸಿಯ ಪುಸ್ತಕಗಳಿದ್ದವು.

"ಇವನ್ನ ಯಾಕ ತಂದಿದ್ದಿ ಇಲ್ಲಿಗೆ?" ಎಂದು ಚೌಡವ್ವ ಕೇಳಿದ್ದಳು.

"ಮುಂದ ಓದಸ್ತೇನಿ ಅಂದಿದ್ರು, ಅವರು."

ಚೌಡವ್ವ ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆಯೇ ಕುಳಿತುಬಿಟ್ಟಳು. "ಇಕಿ ಎಲ್ಲಿಗೂ ಬರೂದಿಲ್ಲ ತಮ್ಮಾ. ನೀ ಹೋಗು. ನಾ ಓದಸ್ತೇನಿ."

ಮೈಲಾರಪ್ಪ ಎರಡು ಎಮ್ಮೆ ಮಾರಿದ. ನಿರ್ಮಲಾ ಹಾವೇರಿಯ ಕಾಲೇಜಿಗೆ ಬಸ್ಸು ಹತ್ತಿದಳು. ಗಂಡ ಸತ್ತವಳು ಚೀಲ ಹಾಕಿಕೊಂಡು ಊರ ಮುಂದೆ ಹಾಯುವುದನ್ನು ಕಂಡು ಓಣಿಯೇ ಆಡಿಕೊಂಡಿತು. "ರೆಕ್ಕಿ ಕಟ್ಟಿ ಹಾರಿಸಾಕತ್ತಿ ಚೌಡವ್ವಾ, ನೋಡ್ತಿರು," ಎಂದಳು ಎದುರುಮನೆಯ ಹೊಳಿಯವ್ವ.

ಆದರೂ ಆ ವರ್ಷಗಳನ್ನು ನೆನೆದರೆ ಚೌಡವ್ವನಿಗೆ ಮೊದಲು ಕಣ್ಮುಂದೆ ಬರುವುದು ಓಣಿಯಲ್ಲ, ಒಲೆಯ ಬೆಳಕು. ತಾನು ರೊಟ್ಟಿ ಬಡಿಯುತ್ತಿದ್ದರೆ ಸೊಸೆ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿದ್ದಳು. ರಾಜರು ಬರುತ್ತಿದ್ದರು, ಕೋಟೆಗಳು ಬೀಳುತ್ತಿದ್ದವು. ಶಾಲೆಯ ಮೆಟ್ಟಿಲು ಹತ್ತದ ಚೌಡವ್ವ ಕೈ ನಿಲ್ಲಿಸಿ, "ಆಮ್ಯಾಲೆ? ಆ ರಾಣಿ ಏನ ಮಾಡಿದ್ಳು?" ಎನ್ನುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಾಗಿರುತ್ತಿತ್ತು. ಮೈಲಾರಪ್ಪ ಅದನ್ನು ಮುರಿಯುತ್ತ, "ಇವತ್ತ ಪಾಠ ಭಾಳ ಚಲೋ ಇದ್ದಂಗ ಕಾಣ್ತೈತಿ," ಎಂದು ನಗುತ್ತಿದ್ದ. ಮಗ ಹೋದ ಮನೆಯಲ್ಲಿ ಮತ್ತೆ ನಗು ಹುಟ್ಟಿದ್ದು ಆ ಕರಕು ರೊಟ್ಟಿಯಿಂದಲೇ.

ಡಿಗ್ರಿ ಆಯಿತು, ಬಿ.ಎಡ್. ಆಯಿತು, ನೌಕರಿಯೂ ಬಂತು. ಸಂಜೆಯ ಹೊತ್ತು ಓಣಿಯ ಹುಡುಗಿಯರು ಪುಸ್ತಕ ಹಿಡಿದು ನಿರ್ಮಲಾಳ ಕಟ್ಟೆಗೆ ಬರತೊಡಗಿದರು. ಹೊಳಿಯವ್ವನೂ ಒಂದು ದಿನ ಮೊಮ್ಮಗಳು ಶಿಲ್ಪಾಳನ್ನು ಕೈಹಿಡಿದು ತಂದು ಕೂರಿಸಿ ಹೊರಟುಹೋದಳು.

ಕಲ್ಲೇಶ ಮದುವೆಯಾಗುವೆಯಾ ಎಂದು ಕೇಳಿದ ಸುದ್ದಿಯನ್ನು ನಿರ್ಮಲಾ ತಾನೇ ಬಂದು ಹೇಳಿದ್ದಳು. "ನಾ ಒಲ್ಲೆ ಅಂದೇನ್ರಿ ಅತ್ತೀ," ಎಂದೂ ಸೇರಿಸಿದ್ದಳು. ಚೌಡವ್ವನ ಎದೆ ಹಗುರಾಯಿತು. ಕಿರಿಮಗ ಪುಂಡಲೀಕ ಹೊಲ ನೋಡಿಕೊಳ್ಳುತ್ತಿದ್ದ, ಉಣ್ಣಲು ಕೊರತೆಯಿರಲಿಲ್ಲ. ಆದರೂ ಈ ಸೊಸೆಯಿಲ್ಲದ ಸಂಜೆಗಳನ್ನು ಅವಳು ಊಹಿಸಲಾರಳು. ಹೊಳಿಯವ್ವ ಬೇರೆ, "ಗಿಡಾ ಹಚ್ಚಿದಾಕಿ ನೀನು, ಹಣ್ಣ ತಿನ್ನವರು ಅವರೇನು?" ಎಂದಿದ್ದಳು. ಆ ಮಾತು ಚೌಡವ್ವನಿಗೆ ಖರೆ ಅನ್ನಿಸಿತ್ತು.

ನಾಲ್ಕಾರು ದಿನ ಕಳೆದ ಮೇಲೆ ಅವಳೇ ಕೇಳಿದಳು. "ಯಾಕ ಒಲ್ಲೆ ಅಂದಿ? ಹುಡುಗ ಚಲೋ ಇಲ್ಲೇನು?"

"ಚಲೋ ಅದಾರ್ರಿ. ಆದ್ರ ನಿಮ್ಮ ಋಣ ಐತ್ರಿ ನನ್ನ ಮ್ಯಾಲೆ."

ಚೌಡವ್ವನಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. "ನಾ ಸಾಲಾ ಕೊಟ್ಟಿದ್ನೇನ ನಿನಗ?" ಎಂದು ಎದ್ದುಹೋದವಳು, ಹಿತ್ತಲಲ್ಲಿ ನಿಂತು ತನ್ನ ಎದೆ ಹಗುರಾದದ್ದನ್ನು ನೆನೆದು ತಾನೇ ನಾಚಿಕೊಂಡಳು. ಮಾರನೆಯ ದಿನ, ಹಿರಿಯರನ್ನು ಕರೆದುಕೊಂಡು ಮನೆಗೆ ಬಾ ಎಂದು ಮೈಲಾರಪ್ಪನಿಂದ ಕಲ್ಲೇಶನಿಗೆ ಫೋನು ಮಾಡಿಸಿದ್ದು ಅವಳೇ.

ಈಗ ಪುಷ್ಪಾವತಿಯ ಎದುರು ಅವಳು ಸೆರಗು ಸರಿಪಡಿಸಿಕೊಂಡಳು.

"ನಾ ಅತ್ತಿ ಆಗಬೇಕ್ರಿ. ಇಕಿ ನನ್ನ ಮಗನ ಹೇಣ್ತಿ."

ಪುಷ್ಪಾವತಿಯ ಕೈ ತಾಟಿನಲ್ಲೇ ನಿಂತಿತು. "ಅತ್ತಿ ಆಗಿ ನೀವ ಸೊಸೀನ ಕೊಡಾಕತ್ತೀರಿ?"

"ಹೂನ್ರಿ. ಒಂದ ಮಾತು. ಮದವಿ ಆದ ಮ್ಯಾಲೆ ಆಕಿ ಕಲಸೂದು ಬಿಡಸಬಾರದು."

ಪುಷ್ಪಾವತಿ ತಾಟನ್ನು ಕೆಳಗಿಟ್ಟಳು. "ನಾನೂ ಸಣ್ಣಾಕಿದ್ದಾಗ ಗಂಡನ್ನ ಕಳಕೊಂಡಾಕಿ ರೀ," ಎಂದಳು. "ನಮ್ಮ ಅತ್ತಿ..." ಸೆರಗಿನಿಂದ ಮೂಗು ಒರೆಸಿಕೊಂಡು, "ಬಿಡಸೂದಿಲ್ಲ ಯವ್ವಾ. ಬಿಡಸಾಕ ನಾ ಬಿಡೂದಿಲ್ಲ," ಎಂದಳು.

ಅಡಿಗೆಮನೆಯ ಬಾಗಿಲಲ್ಲಿ ನಿರ್ಮಲಾ ನಿಂತಿದ್ದಳು. ಚೌಡವ್ವ ಅವಳತ್ತ ತಿರುಗಿದಳು.

"ನಮ್ಮ ವಿಚಾರ ಬಿಡು. ನಿನಗ ಮನಸ ಐತೋ ಇಲ್ಲೋ, ಅಷ್ಟ ಹೇಳು."

ನಿರ್ಮಲಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಕಣ್ಣು ತುಂಬಿತ್ತು. "ಐತ್ರಿ," ಎಂದಳು.

ಬಂದವರು ಸಂಜೆಯ ಬಸ್ಸಿಗೆ ಹೋದರು. ಚೌಡವ್ವ ಹಿತ್ತಲಲ್ಲಿ ನಳದ ಕೆಳಗೆ ಪಾತ್ರೆ ತಿಕ್ಕಲು ಕುಳಿತಳು. ಒಳಗೆ ಫೋನು ಸದ್ದು ಮಾಡಿತು. ನಿರ್ಮಲಾ ಏನೋ ಮೆಲ್ಲಗೆ ಮಾತಾಡಿದಳು. ಆಮೇಲೆ ನಕ್ಕಳು. ಹೊಸದಾಗಿ ಮದುವೆಯಾಗಿ ಬಂದಾಗ ಅವಳು ಈ ಮನೆಯಲ್ಲಿ ಹೀಗೆಯೇ ನಗುತ್ತಿದ್ದಳು.

ಮೈಲಾರಪ್ಪ ಹಿತ್ತಲ ಬಾಗಿಲಿಗೆ ಬಂದು ಏನೋ ಕೇಳಲು ಬಾಯಿ ತೆರೆದ. ಚೌಡವ್ವ ನಳ ಬಂದ್ ಮಾಡಿ, ಸುಮ್ಮನಿರೆಂದು ಬೂದಿ ಹತ್ತಿದ ಕೈ ಎತ್ತಿದಳು.