ಹುತ್ತದ ಹಿಂದಿನ ಬುಟ್ಟಿ

ನಮ್ಮ ಕಾಲೇಜಿನಲ್ಲಿ ಡಿಸ್ಕ್ ಗಾಲ್ಫ್ ಶುರುವಾದಾಗ ಅದಕ್ಕೆ ‘ತಟ್ಟೆ ಎಸೆಯುವ ಆಟ’ ಎಂದು ಹೆಸರಿಟ್ಟವನು ನಾನೇ. ಅರ್ಥಶಾಸ್ತ್ರ ಹೇಳಿಕೊಡುವವನಿಗೆ ಇನ್ನೇನು ಕೆಲಸ? ಕ್ಯಾತನಹಳ್ಳಿ ಕಡೆಯ ಪುಟ್ಟ ಡಿಗ್ರಿ ಕಾಲೇಜು ನಮ್ಮದು. ಕ್ರಿಕೆಟ್ ಆಡಿದರೆ ಚೆಂಡು ಕಬ್ಬಿನ ಗದ್ದೆಗೆ, ಫುಟ್‌ಬಾಲ್ ಆಡಿದರೆ ಪ್ರಿನ್ಸಿಪಾಲರ ಕಿಟಕಿಗೆ. ಅಷ್ಟೇ ಜಾಗದಲ್ಲಿ ಸಂಘಮಿತ್ರಾ ಎಂಬ ಹೊಸ ಪಿ.ಟಿ. ಮೇಡಂ ಆರು ಕಂಬ ನೆಟ್ಟು, ಕಂಬಕ್ಕೊಂದು ಕಬ್ಬಿಣದ ಬುಟ್ಟಿ ಕೂರಿಸಿ, ಮೇಲಿನಿಂದ ಸುತ್ತಲೂ ಸರಪಳಿ ಇಳಿಬಿಟ್ಟರು. ಅವರೂರು ಮಾಕವಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿ ಸೈಕಲ್ ರಿಮ್ಮಿಗೆ ದನ ಕಟ್ಟುವ ಸರಪಳಿ ಬೆಸೆಸಿ ಮಾಡಿಸಿದ್ದು. ದೂರದಿಂದ ಪ್ಲಾಸ್ಟಿಕ್ ತಟ್ಟೆಯಂಥ ಡಿಸ್ಕು ಎಸೆಯಬೇಕು, ಅದು ಸರಪಳಿಗೆ ಬಡಿದು ಬುಟ್ಟಿಗೆ ಬೀಳಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವನೇ ಜಾಣ. ಇಷ್ಟೇ ಆಟ.

ಆದರೆ ಒಂದು ಮಾತು ಹೇಳಲೇಬೇಕು. ಆಟದ ಪೀರಿಯಡ್ಡಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದ ಹುಡುಗಿಯರೆಲ್ಲ ವೇಲು ಸೊಂಟಕ್ಕೆ ಬಿಗಿದು ಮೈದಾನಕ್ಕಿಳಿದಿದ್ದರು. ಸರಪಳಿ ಝಲ್ಲೆಂದಾಗ ಅವರು ಹಾಕುವ ಕೇಕೆಗೆ ನನ್ನ ಪಾಠ ಅರ್ಧಕ್ಕೇ ನಿಲ್ಲುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. ಬೈಯಲೆಂದು ಕಿಟಕಿಗೆ ಹೋದವನು ಅಲ್ಲೇ ನಿಂತು ನೋಡುತ್ತಿದ್ದೆ.

ತಕರಾರು ಬಂದದ್ದು ಐದನೆಯ ಬುಟ್ಟಿಯಿಂದ. ಅದರ ಮುಂದೆ ಆಳೆತ್ತರದ ಹುತ್ತವಿದೆ. ಕಾಲೇಜಿಗಿಂತ ಹಳೆಯದು. ತನಿ ಎರೆಯಲು ಹಾಲು ತರುವ ಹೆಂಗಸರಿಗೆಂದೇ ಕಾಂಪೌಂಡಿನಲ್ಲಿ ಒಂದು ಸಂದಿ ಬಿಟ್ಟಿದ್ದಾರೆ. ಒಂದು ಸೋಮವಾರ ಚಿಕ್ಕಬೋರಮ್ಮ ಎಂಬ ಅಜ್ಜಿ ಹುತ್ತಕ್ಕೆ ಹಾಲೆರೆಯುತ್ತಿದ್ದಾಗ ಯಾರೋ ಎಸೆದ ಡಿಸ್ಕು ಹುತ್ತದ ನೆತ್ತಿಯ ಮೇಲೇ ಹಾರಿಹೋಯಿತು. ಅಜ್ಜಿ ಅರ್ಧ ಹಾಲಿದ್ದ ಚೊಂಬು ಹಿಡಿದುಕೊಂಡೇ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದರು. ಹಿಂದೆಯೇ ಸಂಘಮಿತ್ರಾ, ಅವರ ಹಿಂದೆ ನಾನು.

“ನಾಗಪ್ಪನ ನೆತ್ತಿ ಮ್ಯಾಲೆ ಅಕ್ಕಿ ಪಕ್ಕಿ ಆರುದ್ರೆ ಅದು ಅವ್ನಿಚ್ಛೆ. ತಟ್ಟೆ ಆರ್ಸಕೆ ನೀವ್ಯಾರು?”

ಕಾಲೇಜಿಗೆ ಜಾಗ ಬಿಟ್ಟುಕೊಟ್ಟ ಮನೆತನದ ಹಿರಿಯಳು. ಪ್ರಿನ್ಸಿಪಾಲರು ಎದ್ದು ನಿಂತು ಕೈ ಮುಗಿದರು. ಅಜ್ಜಿ ಒಪ್ಪದಿದ್ದರೆ ಐದನೆಯದೊಂದೇ ಅಲ್ಲ, ಆರನ್ನೂ ಕಿತ್ತು ಗುಜರಿಗೆ ಹಾಕಿಬಿಡಿ, ಊರಿನವರ ಜೊತೆ ನನಗೆ ಜಗಳ ಬೇಡ ಎಂದರು. ಸಂಘಮಿತ್ರಾರ ಮುಖ ಬಿಳುಚಿಕೊಂಡಿತು.

“ಹುತ್ತದ ಮೇಲೆ ಹೋಗ್ದಂಗೆ ಎಸೀಬೋದು ಅಜ್ಜಿ. ಅದೇ ಸುತ್ತಾಕ್ಕೊಂಡು ಹೋಯ್ತದೆ. ಒಂದ್ಸಲ ನೋಡ್ಬುಟ್ಟು ಆಮೇಲೆ ಹೇಳಿ,” ಎಂದರು ಮೇಡಂ.

“ಒಗ್ದ ವಸ್ತು ಸುತ್ತಾಕ್ಕಂಡು ಓಯ್ತದಾ? ಯಾರ್ಗವ್ವಾ ಏಳ್ತಿದ್ದೀಯೆ?” ಎಂದರು ಅಜ್ಜಿ. ನಾನೂ ಮನಸ್ಸಿನಲ್ಲಿ ಅದನ್ನೇ ಕೇಳಿದ್ದೆ.

ಎಲ್ಲರೂ ಮೈದಾನಕ್ಕೆ ಹೊರಟೆವು. ಹುತ್ತದ ಅಂಗಳ ಬಂದಾಗ ಯಾರೂ ಹೇಳದೆಯೇ ಚಪ್ಪಲಿ, ಶೂಗಳೆಲ್ಲ ಬದಿಗೆ ಸಾಲಾದವು. ಸಂಘಮಿತ್ರಾ ಬರಿಗಾಲಿನಲ್ಲಿ ನಿಂತರು. ನೇರ ಎದುರಿಗೆ ಹುತ್ತ, ಅದರ ಹಿಂದೆ ಬುಟ್ಟಿ. ಎಡಕ್ಕೆ ಲೈಬ್ರರಿಯ ಗೋಡೆ, ಬಲಕ್ಕೆ ಕಬ್ಬಿನ ಗದ್ದೆ. ಅವರು ಬುಟ್ಟಿಯ ಕಡೆ ನೋಡಲೇ ಇಲ್ಲ. ಕಬ್ಬಿನ ಕಡೆಗೆ ಗುರಿ ಹಿಡಿದು, ಡಿಸ್ಕಿನ ಹೊರ ಅಂಚನ್ನು ನೆಲದತ್ತ ವಾಲಿಸಿ, ಎದೆಯ ಹತ್ತಿರದಿಂದ ತೋಳು ಬೀಸಿ ಬಿಟ್ಟರು.

ಹೋಯಿತು, ಇನ್ನು ಇದನ್ನು ಕಬ್ಬು ಕಡಿಯುವಾಗಲೇ ಹುಡುಕಬೇಕು ಅಂದುಕೊಂಡೆ. ಕಬ್ಬಿನ ಗರಿಗಳ ಮೇಲೆ ಅದು ಸದ್ದಿಲ್ಲದೆ, ಬಿಸಿಲಿಗೆ ಮಿನುಗುತ್ತ ಹೋಗುತ್ತಲೇ ಇತ್ತು. ಆಮೇಲೆ ವೇಗ ಕುಂದಿತು. ಕುಂದಿದ್ದೇ ತಡ, ಎಡಕ್ಕೆ ವಾಲಿತು. ಸಂಜೆ ಮೇವು ಮುಗಿಸಿದ ಹಸು ಯಾರೂ ಹೊಡೆಯದಿದ್ದರೂ ಕೊಟ್ಟಿಗೆಯ ಕಡೆ ತಿರುಗುತ್ತದಲ್ಲ, ಹಾಗೆ. ಹುತ್ತವನ್ನು ದೂರದಿಂದ ಬಳಸಿಕೊಂಡು ಬಂದು ಸರಪಳಿಗೆ ಬಡಿದು ಬುಟ್ಟಿಗೆ ಬಿತ್ತು. ನನ್ನ ಮೈಯೆಲ್ಲ ಜುಮ್ಮೆಂದಿತು.

ಚಿಕ್ಕಬೋರಮ್ಮ ಬುಟ್ಟಿಯ ಹತ್ತಿರ ಹೋಗಿ ಡಿಸ್ಕು ಎತ್ತಿಕೊಂಡು, ಎಲ್ಲಾದರೂ ದಾರ ಕಟ್ಟಿದ್ದಾರೆಯೇ ಎಂದು ಅಂಚನ್ನೆಲ್ಲ ಬೆರಳಿನಿಂದ ತಡವಿದರು. ಆಮೇಲೆ ತಂದು ನನ್ನ ಕೈಗಿಟ್ಟರು.

“ಈವಮ್ಮನ ಕೈ ಪಳಗದೆ. ಎಲ್ರೂ ಇಂಗೇ ಒಗ್ದಾರಾ? ನೀವೊಗೀರಿ ಮೇಷ್ಟ್ರೇ. ನಿಮ್ಮ ಕೈಲಿ ಸುತ್ತಾಕ್ಕಂಡು ಓದ್ರೆ ಯಾರ ಕೈಲಾದ್ರೂ ಓಯ್ತದೆ.”

ನನ್ನ ಯೋಗ್ಯತೆಯನ್ನು ಇಷ್ಟು ಸರಿಯಾಗಿ ಕಾಲೇಜು ತಪಾಸಣೆಗೆ ಬಂದ ಯಾರೂ ಹೇಳಿರಲಿಲ್ಲ. ಬೇರೆ ದಿನವಾಗಿದ್ದರೆ ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. ಅಂದು ಯಾರೂ ನಗಲಿಲ್ಲ. ನನ್ನ ಪಾಠದಲ್ಲಿ ತೂಕಡಿಸುವ ರಂಜಿತ ಕಣ್ಣಲ್ಲಿ ನೀರು ತುಂಬಿಕೊಂಡು ಪಕ್ಕಕ್ಕೆ ಬಂದಳು. “ಹೊರಗಿನ ಅಂಚು ಕೆಳಕ್ಕೆ ಸಾರ್. ಕಬ್ಬಿನ ಕಡೀಕೆ ನೋಡಿ. ಹುತ್ತ ನೋಡ್ಬ್ಯಾಡಿ,” ಎಂದಳು. ಆರು ಬುಟ್ಟಿಗಳೂ ಈಗ ನನ್ನ ಬೆವರಿದ ಕೈಯಲ್ಲಿದ್ದವು. ಗೊತ್ತಿದ್ದ ದೇವರನ್ನೆಲ್ಲ ನೆನೆದೆ, ನಾಗಪ್ಪನನ್ನು ಎರಡು ಸಲ ನೆನೆದೆ, ತೋಳು ಬೀಸಿದೆ.

ಮೇಡಂ ಎಸೆದಷ್ಟು ಎತ್ತರಕ್ಕೆ ಅದು ಏಳಲಿಲ್ಲ. ಗರಿಗಳನ್ನು ಸವರಿಕೊಂಡು ನಡುಗುತ್ತ ಹೋಯಿತು. ಆದರೂ ಸುಸ್ತಾದ ಮೇಲೆ ಅದೂ ಎಡಕ್ಕೆ ವಾಲಿತು! ನಾನು ತಿರುಗಿಸಿದ್ದಲ್ಲ, ತಿರುಗಿಸುವುದು ನನಗೆ ಗೊತ್ತೂ ಇಲ್ಲ. ನನ್ನಂಥವನ ಕೈಯಿಂದ ಹೊರಟದ್ದಕ್ಕೂ ದಾರಿ ತಿಳಿದಿತ್ತಲ್ಲ. ಬುಟ್ಟಿಯನ್ನೇನೋ ಅದು ಮುಟ್ಟಲಿಲ್ಲ. ಬುಟ್ಟಿಗಿಂತ ಈಚೆಗೇ ನೆಲಕ್ಕೆ ಅಂಚು ಊರಿ ಗಾಲಿಯಂತೆ ಉರುಳತೊಡಗಿತು, ಅದೂ ಹುತ್ತದ ಕಡೆಗೆ. ಹುತ್ತದ ಬುಡದವರೆಗೆ ಉರುಳಿ, ಓಲಾಡಿ, ಒಂದು ಗೇಣು ಈಚೆಗೆ ಅಂಗಾತ ಮಲಗಿತು.

ಅಂಗಾತ ಬಿದ್ದ ಡಿಸ್ಕು ತಟ್ಟೆಯೇ. ಚಿಕ್ಕಬೋರಮ್ಮ ನಿಧಾನವಾಗಿ ಅಲ್ಲಿಗೆ ನಡೆದು, ಬಗ್ಗಿ, ಚೊಂಬಿನಲ್ಲಿ ಉಳಿದಿದ್ದ ಹಾಲನ್ನೆಲ್ಲ ಅದಕ್ಕೆ ಹುಯ್ದು ಕೈ ಮುಗಿದರು. ಹುತ್ತದ ಮುಂದೆ ಇಟ್ಟದ್ದನ್ನು ನಮ್ಮ ಕಡೆ ವಾಪಸು ತೆಗೆಯುವುದಿಲ್ಲ. ಸಂಘಮಿತ್ರಾರ ಬಳಿ ಇದ್ದ ಒಳ್ಳೆಯ ಡಿಸ್ಕು ಅದೊಂದೇ. ಅವರು ತುಟಿ ಕಚ್ಚಿಕೊಂಡು ತಾವೂ ಕೈ ಮುಗಿದರು.

“ಬುಟ್ಟಿ ಇರ್ಲಿ ಬುಡಿ,” ಎಂದರು ಅಜ್ಜಿ ಪ್ರಿನ್ಸಿಪಾಲರಿಗೆ. “ಈ ಕಡೀಕೆ ಬರೋರು ಕಾಲಲ್ಲಿರೋದ್ನ ಬುಟ್ಟು ಬರ್ಬೇಕು. ಕಬ್ಬಿನ ಮ್ಯಾಲೇ ಒಗೀಬೇಕು.”

ಹುಡುಗಿಯರು ಹಾಕಿದ ಕೇಕೆಗೆ ಗದ್ದೆಯ ಕೊಕ್ಕರೆಗಳೆಲ್ಲ ಎದ್ದವು. ನಾನೂ ಕೂಗಿದೆನಂತೆ, ರಂಜಿತ ಇವತ್ತಿಗೂ ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ.

ಅಜ್ಜಿ ಖಾಲಿ ಚೊಂಬನ್ನು ಸೆರಗಿನಿಂದ ಒರೆಸುತ್ತ ಕಾಂಪೌಂಡಿನ ಸಂದಿಯವರೆಗೆ ಹೋದರು. ಅಲ್ಲಿ ನಿಂತರು. ಕಬ್ಬಿನ ಮೇಲಿನ ಖಾಲಿ ಆಕಾಶವನ್ನು ಒಂದಷ್ಟು ಹೊತ್ತು ನೋಡಿ, ತಿರುಗಿದರು.

“ಮಗಾ, ಇನ್ನೊಂದ್ ತಟ್ಟೆ ಅದಾ?”

“ಅದೆ ಅಜ್ಜಿ. ಹಳೇದು,” ಎಂದರು ಸಂಘಮಿತ್ರಾ.

“ಹಳೇದೇ ಆಗ್ಲಿ, ಇನ್ನೊಂದ್ ಕಿತ ಒಗಿ. ಅಲ್ಲಿಗಂಟ ಓಗಿ ತಿರುಗ್ಕಂಡು ಬತ್ತದಲ್ಲಾ, ಅದ್ನ ನೋಡ್ಕಂಡು ಓಯ್ತೀನಿ.”