ಪ್ರಶಸ್ತಿ ಪಡೆದ ಅಳು

“ಅತ್ತಿಗೆ, ಬಾಗಿಲಿಂದ ಇನ್ನೊಂದ್ಸಲ ಬನ್ನಿ. ಮುಖದ ಮೇಲೆ ಬೆಳಕೇ ಬೀಳ್ಲಿಲ್ಲ,” ಎಂದ ಕ್ಯಾಮೆರಾಮನ್.

ನಡುಮನೆಯಲ್ಲಿ ನಿರ್ದೇಶಕನ ಹೆಣವಿತ್ತು. ಹೂವಿನ ರಾಶಿಯಲ್ಲೂ ಮೂಗು ಮಾತ್ರ ಎಂದಿನಂತೆ ಸೆಟೆದು ನಿಂತಿತ್ತು. ಅವನ ಹೆಂಡತಿ ಹೊಸ್ತಿಲಲ್ಲೇ ನಿಂತಳು.

“ಏನಪ್ಪಾ ಇದು?”

“ನಾನೇನ್ ಮಾಡ್ಲಿ? ಗುರುಗಳ ಆರ್ಡರ್ರು. ಅವರ ಪಿಕ್ಚರಿಗೆ ಸಾವಿನ ಸೀನೊಂದೇ ಬಾಕಿ ಇತ್ತಲ್ಲ. ಆಸ್ಪತ್ರೇಲೇ ಹೇಳಿದ್ರು.” ಅವನು ಮೂಗು ಹಿಡಿದುಕೊಂಡು ಸತ್ತವನ ದನಿಯನ್ನು ಹಾಗೇ ಅನುಕರಿಸಿದ: “‘ನಾನು ಸತ್ರೆ ಬಿಡ್ಬೇಡ್ರೋ, ಶೂಟ್ ಮಾಡ್ರಿ. ಸೆಟ್ಟು ಹಾಕಂಗಿಲ್ಲ, ಹೆಣಕ್ಕೆ ಸಂಭಾವನೆ ಕೊಡಂಗಿಲ್ಲ!’”

ನೆರೆದವರು ಕಿಸಕ್ಕೆಂದು, ತಕ್ಷಣ ಮುಖ ಸಪ್ಪಗೆ ಮಾಡಿಕೊಂಡರು.

“ಅತ್ತುಬಿಡಿ ಅತ್ತಿಗೆ,” ಎಂದಳು ನಾದಿನಿ. “ಅಣ್ಣ ಊರನ್ನೆಲ್ಲ ಅಳಿಸ್ದ. ನಿಮ್ಮ ಕಣ್ಣಲ್ಲಿ ಮಾತ್ರ ಒಂದು ಹನಿ ಇಲ್ವಲ್ಲ!”

*

ತಾಯಿ ಸತ್ತ ದಿನ ಅವಳು ಬಾಯಿಬಿಟ್ಟು ಅತ್ತಿದ್ದಳು. ಗಂಡ ಪಕ್ಕದಿಂದ ಅಲುಗಾಡಿರಲಿಲ್ಲ. ಶೂಟಿಂಗ್ ಬಿಟ್ಟು ಬಂದನಲ್ಲ ಎಂದು ಆ ದುಃಖದಲ್ಲೂ ಎದೆ ತುಂಬಿತ್ತು.

ಮುಂದೊಂದು ದಿನ ಥಿಯೇಟರಿನಲ್ಲಿ ನಾಯಕಿ ಬಾಯಿ ತೆರೆದಳು. ಹೊರಬಂದದ್ದು ಇವಳ ಅಳು. ‘ಅಮ್ಮಾ’ ಎಂದು ಎಳೆದು ನಡುವೆ ಬಿಕ್ಕಿದ್ದೂ ಹಾಗೇ. ಜನ ಕಣ್ಣೊರೆಸಿಕೊಂಡರು. ನಾಯಕಿಗೆ ಪ್ರಶಸ್ತಿ ಬಂತು.

“ಜೇಬಲ್ಲಿ ರೆಕಾರ್ಡರ್ ಇಟ್ಕೊಂಡು ಕೂತಿದ್ರಾ?”

“ಬೇಜಾರಾಗ್ಬೇಡ ಕಣೇ. ಆ ಹುಡುಗಿ ಎಷ್ಟು ಡಬ್ಬಿಂಗ್ ಮಾಡಿದ್ರೂ ಬೆಕ್ಕಿನ ಬಾಲ ತುಳಿದಂಗಿತ್ತು. ನೀನು ಒಂದೇ ಟೇಕಿಗೆ ಓಕೆ!”

ಆಮೇಲೆ ಅವನ ಕಿವಿಗೆ ಬೀಳುವಂತೆ ಅವಳು ಅಳಲೇ ಇಲ್ಲ. ಬಸಿರು ನಿಲ್ಲದೆ ಹೋದಾಗಲೂ ಆಸ್ಪತ್ರೆಯ ದಿಂಬು ಕಚ್ಚಿಕೊಂಡೇ ಮಲಗಿದ್ದಳು.

*

“ಸ್ವಲ್ಪ ಹೊತ್ತು ನಮ್ಮಿಬ್ಬರನ್ನೇ ಬಿಡಿ.”

ಅವರು ಒಪ್ಪಿದ್ದು ತೀರಾ ಸಲೀಸಾಗಿತ್ತು. ಅವಳು ಬಾಗಿಲು ಹಾಕಿ ಹೆಣದ ಪಕ್ಕ ಕೂತಳು.

“ಮಹಾನುಭಾವ, ಇವತ್ತಾದ್ರೂ ಅಳ್ಲಾ?”

ಅವನ ಕೆನ್ನೆಗೆ ಒತ್ತುತ್ತಿದ್ದ ಹೂ ಸರಿಸಿದಳು. ಅಂಗಿಯ ಕಾಲರಿನ ಒಳಗೆ ಗುಂಡಿಯಷ್ಟೇ ದೊಡ್ಡ ಮೈಕು ಕೂತಿತ್ತು. ಕಿಟಕಿಯಾಚೆ ಸೌಂಡಿನವನು ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ ಕಾಯುತ್ತಿದ್ದ.

ಬಂದ ಅಳುವನ್ನು ನುಂಗಿಕೊಂಡು ಅವಳು ಬಗ್ಗಿ ಮೈಕಿಗೆ ಬಾಯಿಟ್ಟಳು. ಗೊರಕೆ ಹೊಡೆದಳು.

ಇಷ್ಟು ವರ್ಷ ಪಕ್ಕದಲ್ಲೇ ಕೇಳಿದ ಅವನದೇ ಗೊರಕೆ: ಮೊದಲು ಸಣ್ಣ ಸಿಳ್ಳೆ, ಆಮೇಲೆ ಸ್ಟಾರ್ಟ್ ಆಗಲೊಲ್ಲದ ಲಾರಿ, ಕೊನೆಗೊಂದು ‘ಪುಸ್’.

ಸೌಂಡಿನವನು ಹೌಹಾರಿ ಹೆಡ್‌ಫೋನ್ ಕಿತ್ತ. “ಅಣ್ಣೋ! ಗುರುಗಳು... ಗುರುಗಳು ಮಲ್ಗಿದಾರೆ!”

“ಇನ್ನೇನು, ನಿಂತಿರ್ತಾರಾ? ಹಾಕ್ಕೊಳ್ಳೋ ಅದನ್ನ!” ಎಂದು ಕ್ಯಾಮೆರಾಮನ್ ಗದರಿದ.

ಎರಡನೆಯ ಗೊರಕೆಯೂ ಮುಗಿಯಿತು. ಮೂರನೆಯದರ ಸಿಳ್ಳೆ ಎದ್ದಿತು, ಲಾರಿ ಗುರುಗುಟ್ಟಿತು, ‘ಪುಸ್’ ಬರಲಿಲ್ಲ. ಅದರ ಜಾಗದಲ್ಲಿ ಬೇರೇನೋ ಉಕ್ಕಿ ಬರುತ್ತಿತ್ತು. ಅವಳು ಗಕ್ಕನೆ ಮೈಕನ್ನು ಕಿತ್ತು ಮುಷ್ಟಿಯಲ್ಲಿ ಹಿಸುಕಿ ಹಿಡಿದಳು. ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡಳು. ಭುಜಗಳು ಕುಲುಕತೊಡಗಿದವು.

ಕಿಟಕಿಯಾಚೆ ಸೌಂಡಿನವನು ಹುಬ್ಬುಗಂಟಿಕ್ಕಿ, ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು, ವಾಲ್ಯೂಮ್ ತಿರುಗಿಸುತ್ತಲೇ ಇದ್ದ.